ಎಆರ್-ವಿ7 ಮತ್ತು ಅಪ್ಪನ ಕೀಮೋ

ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್. ಹಾರ್ಮೋನ್ ತಡೆಯುವ ಮಾತ್ರೆ ಕೈಕೊಟ್ಟಿದೆ, ರಕ್ತದಲ್ಲಿ ಆ ಕ್ಯಾನ್ಸರಿನ ಸುಳಿವು ಕೊಡುವ ಪಿಎಸ್‌ಎ ಮತ್ತೆ ಏರುತ್ತಿದೆ. ಇನ್ನು ಡೋಸಿಟ್ಯಾಕ್ಸೆಲ್ ಎಂಬ ಟ್ಯಾಕ್ಸೇನ್ ಗುಂಪಿನ ಕೀಮೋ ಅಂದರು ಡಾಕ್ಟರ್. ಅದೂ ನಾಟದಿದ್ದರೆ?

ದಿನವಿಡೀ ನೇರಳೆ ಮುಚ್ಚಳದ ರಕ್ತದ ಟ್ಯೂಬುಗಳ ಜೊತೆ ಕೆಲಸ ಮಾಡುವ ನಾನು ಎಆರ್-ವಿ7 ಬಗ್ಗೆ ಓದುತ್ತಾ ಕೂತೆ. ರಕ್ತದಲ್ಲಿ ತೇಲಾಡುವ ಕ್ಯಾನ್ಸರ್ ಕೋಶಗಳಲ್ಲಿ ಸಿಗುವ ಆರ್‌ಎನ್‌ಎ ಗುರುತು ಅದು. ಅದರಿಂದ ತಯಾರಾಗುವುದು ಹಾರ್ಮೋನ್ ಹಿಡಿಯುವ ತುದಿಯೇ ಇಲ್ಲದ ರಿಸೆಪ್ಟರ್, ಅಂದರೆ ಹಾರ್ಮೋನಿನ ಸಂದೇಶ ಪಡೆಯುವ ಪ್ರೋಟೀನ್. ಹಾರ್ಮೋನ್ ತಡೆಯುವ ಎನ್ಜಲುಟಮೈಡ್ ಮಾತ್ರೆಗೆ ಕೂರಲು ಜಾಗವೇ ಇಲ್ಲ, ಆದರೂ ಸದಾ ಚಾಲೂ! 2014ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ ಸಂಶೋಧಕರು ನೋಡಿದ 62 ರೋಗಿಗಳಲ್ಲಿ, ಈ ಗುರುತಿದ್ದ ಒಬ್ಬರಿಗೂ ಎನ್ಜಲುಟಮೈಡ್ ಅಥವಾ ಅಂಥದ್ದೇ ಮಾತ್ರೆ ಅಬಿರಾಟೆರೋನ್‌ನಿಂದ ಪಿಎಸ್‌ಎ ಅರ್ಧಕ್ಕಿಳಿಯಲಿಲ್ಲ. ಮರುವರ್ಷ ಟ್ಯಾಕ್ಸೇನ್ ಕೀಮೋ ಪಡೆದವರನ್ನು ನೋಡಿದರು. ಗುರುತಿದ್ದವರಲ್ಲೂ ಹಲವರಿಗೆ ಪಿಎಸ್‌ಎ ಇಳಿದಿತ್ತು!

ಅಪ್ಪನಿಗೆ ಇಷ್ಟನ್ನೇ ಹೇಳಿದೆ. “ಸರಿ ಮಗಳೇ, ಸೋಮವಾರವೇ ಹೋಗೋಣ” ಅಂದರು.