ಕಣ್ಣಿನ ಅಲರ್ಜಿಗೆ ಯಾವ ಡ್ರಾಪ್ಸ್?

ಮಂಡ್ಯದಲ್ಲಿ ಬೇಸಿಗೆ ಧೂಳು ಎದ್ದರೆ ನನಗೂ ಮಗಳಿಗೂ ಕಣ್ಣು ಕೆಂಪು, ವಿಪರೀತ ತುರಿಕೆ. ನಮಗೆ ಹಿಡಿಸಿದ್ದು ಒಲೊಪಟಡೀನ್. 0.1% ಡ್ರಾಪ್ಸ್ ದಿನಕ್ಕೆ 2 ಸಲ ಸಾಕು, ಬೇಗ ತುರಿಕೆ ಇಳಿಯುತ್ತದೆ, ಯಾಕೆಂದರೆ ಅದು ತುರಿಕೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕದ ಕೆಲಸವನ್ನೂ ತಡೆಯುತ್ತದೆ, ಅದನ್ನು ಹೊರಬಿಡುವ ಮಾಸ್ಟ್ ಕೋಶಗಳನ್ನೂ ಸುಮ್ಮನಾಗಿಸುತ್ತದೆ. ಕೆಟೋಟಿಫೆನ್ ಕೂಡ ಹಾಗೇ. ಕ್ರೋಮೋಗ್ಲೈಕೇಟ್ ಹಳೆಯದು, ದಿನಕ್ಕೆ 4 ಸಲ ಹಾಕಬೇಕು, ಗುಣ ಕಾಣಲು ದಿನಗಳೇ ಬೇಕು. ತುರಿಕೆ ಶುರುವಾದ ಮೇಲೆ ಅಷ್ಟು ಕಾಯೋದು ಕಷ್ಟ ಅಲ್ವಾ?

ಸ್ಟೀರಾಯ್ಡ್ ಡ್ರಾಪ್ಸ್ ಮಾತ್ರ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಸುಮ್ನೆ ಹಾಕಿಕೊಳ್ಳಬೇಡಿ. ಊತ ಬೇಗ ಇಳಿಯುತ್ತದೆ ನಿಜ, ಆದರೆ ತಿಂಗಳುಗಟ್ಟಲೆ ಬಳಸಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಬರಬಹುದು, ಪೊರೆಯೂ ಬರಬಹುದು. ಮಕ್ಕಳಿಗಂತೂ ಕಣ್ಣಿನ ಡಾಕ್ಟರನ್ನು ಕೇಳದೆ ಹಾಕಲೇಬೇಡಿ.