ದೊಡ್ಡಪ್ಪನ ಪಕ್ಕ ಕೂತು ನೋಡಿದ ‘ಬೇಡರ ಕಣ್ಣಪ್ಪ’

ಅವರೆಕಾಯಿ ಕಾಲ. ತುಮಕೂರಿನ ದೊಡ್ಡಪ್ಪನ ಮನೆಗೆ ಹೋಗಿದ್ದೆ. ದೊಡ್ಡಮ್ಮ ನೆನೆಸಿದ ಕಾಳನ್ನು ಬೇಸಿನ್ನಿಗೆ ಸುರಿದುಕೊಂಡು ಹಿದುಕುತ್ತಾ ಕೂತಿದ್ದರು. ‘ಸುಮ್ನೆ ಫೋನ್ ನೋಡ್ಕೊಂಡು ಕೂರೋ ಬದಲು ಬಾ’ ಅಂತ ನನ್ನನ್ನೂ ಕೂರಿಸಿಕೊಂಡರು. ಕೈಗೆ ಕೆಲಸ ಸಿಕ್ಕಿತು, ಕಣ್ಣಿಗೂ ಏನಾದರೂ ಬೇಕಲ್ಲ? ಟಿವಿಯಲ್ಲಿ ಯೂಟ್ಯೂಬ್ ತೆಗೆದು ‘ಬೇಡರ ಕಣ್ಣಪ್ಪ’ ಹಾಕಿದೆ.

1954ರ ಸಿನಿಮಾ. ಎಚ್.ಎಲ್.ಎನ್. ಸಿಂಹ ನಿರ್ದೇಶನ. ಮುತ್ತುರಾಜ್ ಇಲ್ಲಿ ರಾಜ್‌ಕುಮಾರ್ ಆದರು, ನಾಯಕನೂ ಆದರು. ಇಷ್ಟು ಕ್ವಿಜ್‌ನಲ್ಲಿ ಕೇಳುವ ವಿಷಯ, ನನಗೂ ಗೊತ್ತಿತ್ತು. ಪೂರ್ತಿ ಸಿನಿಮಾ ಮಾತ್ರ ನೋಡಿರಲಿಲ್ಲ. ಪ್ರಿಂಟ್ ಅಷ್ಟಕ್ಕಷ್ಟೇ. ಕತ್ತಲೆ ದೃಶ್ಯ ಬಂದರೆ ಯಾರ ಮುಖ ಯಾವುದೆಂದೇ ತಿಳಿಯುವುದಿಲ್ಲ. ಸಾಲದ್ದಕ್ಕೆ ಮೂಲೆಯಲ್ಲಿ ಯಾವುದೋ ಚಾನೆಲ್ಲಿನ ಲೋಗೋ ಬೇರೆ.

‘ಎಲ್ಲರೂ ಯಾಕೆ ಇಷ್ಟು ಜೋರಾಗಿ ಮಾತಾಡ್ತಾರೆ ದೊಡ್ಡಪ್ಪ?’ ಅಂದೆ. ಪೇಪರ್ ಓದುತ್ತಿದ್ದವರು ಕನ್ನಡಕ ತೆಗೆದರು.

‘ಅವರೆಲ್ಲ ಮೈಕ್ ನೆಚ್ಕೊಂಡು ಬೆಳೆದೋರಲ್ಲ ಕಣಯ್ಯ. ನಾಟಕ ಕಂಪನಿಯೋರು. ಹಿಂದೆ ನೆಲದ ಮೇಲೆ ಕೂತಿರೋನಿಗೂ ಕೇಳಿಸ್ಬೇಕು, ಇಲ್ಲದಿದ್ರೆ ಅವನು ಎದ್ದು ಹೋಗ್ತಾನೆ.’

ಪೇಪರ್ ಅಲ್ಲಿಗೆ ಮಡಚಿಟ್ಟರು. ದೊಡ್ಡಪ್ಪ ಹುಟ್ಟಿ ಬೆಳೆದದ್ದು ಗುಬ್ಬಿಯಲ್ಲಿ. ಗುಬ್ಬಿ ವೀರಣ್ಣನವರ ಕಂಪನಿಯ ಮಾತು ಬಂದರೆ ಅವರಿಗೆ ಸ್ವಂತ ಮನೆಯ ಮಾತು ಬಂದ ಹಾಗೆ. ಈ ಚಿತ್ರದ ನಿರ್ಮಾಣದಲ್ಲೂ ವೀರಣ್ಣನವರ ಕೈ ಇತ್ತು. ರಾಜ್‌ಕುಮಾರ್ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಅದೇ ಕಂಪನಿಯಲ್ಲಿ ಪಾತ್ರ ಮಾಡಿದವರು. ಕುರುಕ್ಷೇತ್ರ ನಾಟಕಕ್ಕೆ ವೇದಿಕೆ ಮೇಲೆ ನಿಜವಾದ ಆನೆ, ಕುದುರೆ ತಂದ ಕಂಪನಿ ಅದು. ಅಂಥ ಕಡೆ ಪಳಗಿದವರು ಕ್ಯಾಮೆರಾ ಮುಂದೆ ಪಿಸುಗುಟ್ಟುತ್ತಾರಾ?

ಇದು ತಲೆಗೆ ಹೋದ ಮೇಲೆ ಸಿನಿಮಾ ಬೇರೆ ಥರ ಕಾಣಿಸತೊಡಗಿತು. ಪೂಜಾರಿಯ ಮಗ ಕಾಶಿಯಾಗಿ ನರಸಿಂಹರಾಜು ಬಂದರು. ದೊಡ್ಡಪ್ಪ ‘ನಮ್ಮ ತಿಪಟೂರಿನೋರು’ ಅಂದರು, ನನಗೆ ಗೊತ್ತಿಲ್ಲವೇನೋ ಅನ್ನುವಂತೆ. ಅಪ್ಪನ ಪಾತ್ರದಲ್ಲಿ ಜಿ.ವಿ. ಅಯ್ಯರ್. ಮುಂದೆ ಪೂರ್ತಿ ಸಂಸ್ಕೃತದಲ್ಲೇ ಸಿನಿಮಾ ತೆಗೆದ ಅದೇ ಅಯ್ಯರ್! ಇಬ್ಬರೂ ಒಬ್ಬರ ಮಾತು ಮುಗಿಯುವುದಕ್ಕೂ ಇನ್ನೊಬ್ಬರು ಎತ್ತಿಕೊಳ್ಳುವುದಕ್ಕೂ ಕೂದಲೆಳೆಯಷ್ಟೂ ಜಾಗ ಬಿಡುವುದಿಲ್ಲ. ಈ ಲೆಕ್ಕ ಎಡಿಟಿಂಗ್‌ನಲ್ಲಿ ಬರುವಂಥದ್ದಲ್ಲ. ರಾತ್ರಿ ರಾತ್ರಿ ಜನರ ಎದುರು ನಿಂತು ಕಲಿತದ್ದು.

ಕಣ್ಣು ಕೀಳುವ ದೃಶ್ಯ ಬಂದಾಗ ಮೂವರೂ ಕಾಳು ಬಿಟ್ಟಿದ್ದೆವು. ಲಿಂಗದ ಒಂದು ಕಣ್ಣಲ್ಲಿ ರಕ್ತ. ಕಣ್ಣಪ್ಪ ತನ್ನ ಕಣ್ಣು ಕಿತ್ತು ಇಡುತ್ತಾನೆ. ಇನ್ನೊಂದರಲ್ಲೂ ರಕ್ತ. ಎರಡನೆಯದನ್ನೂ ಕಿತ್ತರೆ ಎಲ್ಲಿಡಬೇಕೆಂದು ಕಾಣುವುದು ಹೇಗೆ? ಗುರುತಿಗೆ ಕಾಲು ಇಟ್ಟುಕೊಳ್ಳುತ್ತಾನೆ. ಕತೆ ಚಿಕ್ಕಂದಿನಿಂದ ಕೇಳಿದ್ದೇ. ಆದರೆ ಭಕ್ತಿಗಿಂತ ಜಾಸ್ತಿ ಆ ಬೇಡನ ಲೆಕ್ಕಾಚಾರ ಮನಸ್ಸಿಗೆ ತಟ್ಟಿದ್ದು ಅವತ್ತೇ. ದೇವರ ಮೇಲೆ ಕಾಲಿಡುವುದು ಅವನಿಗೆ ತಪ್ಪು ಅನ್ನಿಸುವುದೇ ಇಲ್ಲ, ಕೆಲಸ ಆಗಬೇಕು ಅಷ್ಟೇ. ಇಲ್ಲಿ ರಾಜ್‌ಕುಮಾರ್ ಮುಖದಲ್ಲಿ ನಾಟಕದ ಗತ್ತು ಒಂಚೂರೂ ಇಲ್ಲ. ನಂತರದ ಅವರ ಎಷ್ಟೋ ಹಿಟ್ ಸಿನಿಮಾಗಳಿಗಿಂತ ಈ ಒಂದು ದೃಶ್ಯ ನನಗೆ ಹೆಚ್ಚು.

ದೊಡ್ಡಮ್ಮ ಮೂಗು ಒರೆಸಿಕೊಂಡು ‘ಕಾಳು ಯಾರು ಮುಗಿಸ್ತೀರಾ?’ ಅಂದರು.

ಇದೇ ಕತೆ ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಆಗಿ ಬಂದಿದೆ, ಅದರಲ್ಲೂ ರಾಜ್‌ಕುಮಾರೇ ನಾಯಕ, ಅವರು ಮಾಡಿದ ಒಂದೇ ತೆಲುಗು ಸಿನಿಮಾ ಅಂತ ಹೇಳಿದ್ದೇ ತಡ, ದೊಡ್ಡಮ್ಮ ನೆಟ್ಟಗೆ ಕೂತರು. ಅವರ ತವರು ಪಾವಗಡ. ಮನೆಮಾತು ತೆಲುಗು. ‘ಇಷ್ಟು ವರ್ಷ ಒಬ್ರೂ ಹೇಳ್ಲಿಲ್ವಲ್ಲ. ಮುಂದಿನ ಭಾನುವಾರ ಅದೇ ಹಾಕು.’

ದೊಡ್ಡಪ್ಪ ಮತ್ತೆ ಪೇಪರ್ ಬಿಡಿಸಿಕೊಂಡರು. ‘ಎಷ್ಟು ಗಂಟೆಗೆ?’ ಅಂದರು.