ವಾಸನಿ ಎಲ್ಲಿ ಅದರಿ, ಸರ್?

ನಾವು ಪಿಯುಸಿ ಓದುವಾಗ ಈ ಊರು ಇನ್ನೂ ಗುಲಬರ್ಗಾ. ಜೂನ್ ಬಂದರೂ ಕ್ಲಾಸಿನ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಒಂದು ಮಧ್ಯಾಹ್ನ ದಪ್ಪ ದಪ್ಪ ಹನಿ ಬಿತ್ತು. ಕರಿಮಣ್ಣಿನ ವಾಸನೆ ಕಿಟಕಿಯಿಂದ ನುಗ್ಗಿತು, ಕ್ಲಾಸಿಗೆ ಕ್ಲಾಸೇ ಆ ಕಡೆ ತಿರುಗಿತು. ಬಯಾಲಜಿ ಸರ್ ಬೈಯಲಿಲ್ಲ. ಪಾಠ ಬಿಟ್ಟು ಅದನ್ನೇ ಹಿಡಿದರು: ಮಣ್ಣಿನ ಬ್ಯಾಕ್ಟೀರಿಯಾ ಜಿಯೋಸ್ಮಿನ್ ಅನ್ನೋ ವಸ್ತು ಮಾಡುತ್ತದೆ, ಹನಿ ಬಿದ್ದಾಗ ಅದು ಗಾಳಿಗೆ ಸಿಡಿಯುತ್ತದೆ, ಮೂಗಿನ ನರಗಳು ಹಿಡಿದು ಸಣ್ಣ ಕರೆಂಟು ಮಾಡಿ ಮಿದುಳಿಗೆ ಕಳಿಸುತ್ತವೆ. ಬೋರ್ಡಿನ ತುಂಬ ಬಾಣದ ಗುರುತು.

"ಸರ್, ಇದರಾಗ ವಾಸನಿ ಎಲ್ಲಿ ಅದರಿ?" ಅಂದೆ. ಎಲ್ಲರೂ ನಕ್ಕರು. ಸರ್ ನಗಲಿಲ್ಲ. ಚಾಕ್‌ಪೀಸ್ ಹಿಡಿದು ಬಾಣಗಳನ್ನು ಒಂದೊಂದಾಗಿ ನೋಡಿದರು. "ನಾಳಿ ಹೇಳ್ತೀನಿ, ಕುಂದ್ರು" ಅಂದರು. ಎರಡನೇ ವರ್ಷ ಮುಗಿದರೂ ಆ ನಾಳೆ ಬರಲಿಲ್ಲ.

ಈಗ ನಾನು ಅರಿವಳಿಕೆ ಡಾಕ್ಟರು. ಪ್ರೊಪೊಫಾಲ್ ಅಂತ ಹಾಲಿನ ಬಣ್ಣದ ಔಷಧಿ, ರಕ್ತನಾಳಕ್ಕೆ ಕೊಟ್ಟರೆ ಒಂದು ನಿಮಿಷದೊಳಗೆ ಎಚ್ಚರ ತಪ್ಪುತ್ತದೆ. ಜೇವರ್ಗಿ ಕಡೆಯ ಅಜ್ಜಿಯೊಬ್ಬರು ತಮ್ಮ ತೊಗರಿ ಹೊಲದ ಸುದ್ದಿ ಹೇಳ್ತಾ ಹೇಳ್ತಾ ಮಾತಿನ ನಡುವೆಯೇ ನಿಂತುಬಿಟ್ಟರು. ಎರಡು ತಾಸಿನ ಮೇಲೆ ಕಣ್ಣು ಬಿಟ್ಟು "ಯಾವಾಗ ಚಾಲೂ ಮಾಡ್ತಿಯೋ ಯಪ್ಪಾ?" ಅಂತ ಕೇಳಿದರು. ಆಪರೇಷನ್ ಮುಗಿದು ಹೊಲಿಗೆ ಹಾಕಿಯಾಗಿತ್ತು.

ದಿನಾ ಇದನ್ನೇ ನೋಡುವ ನನಗೆ, ಅರಿವು ದೇಹ ಬಿಟ್ಟು ಬೇರೆಲ್ಲೋ ಇದೆ ಅಂದರೆ ನಂಬಿಕೆ ಬರಲ್ಲ. ಔಷಧಿ ನರಕೋಶಗಳ ಮೇಲಿನ, ಅವುಗಳ ಚಟುವಟಿಕೆ ತಗ್ಗಿಸುವ ಗಾಬಾ ರಿಸೆಪ್ಟರುಗಳಿಗೆ ಅಂಟಿಕೊಳ್ಳುತ್ತೆ, ನರಕೋಶಗಳು ಮಂಕಾಗುತ್ತವೆ. ಸರಿ. ಆದರೆ ದೀಪ ಆರಿಸೋಕೆ ಬಂದ ಮಾತ್ರಕ್ಕೆ ಅದು ಹೊತ್ತಿಕೊಂಡದ್ದು ಹೇಗೆ ಅಂತ ತಿಳಿದ ಹಾಗಾಯ್ತಾ? ಮಿದುಳಿನ ಸುಮಾರು 8600 ಕೋಟಿ ನರಕೋಶಗಳನ್ನು ಬಿಡಿಬಿಡಿಯಾಗಿ ಹರಡಿಕೊಂಡು ಕೂತರೂ ಕರೆಂಟು ಸಿಗುತ್ತೆ, ರಸಾಯನ ಸಿಗುತ್ತೆ, ಆ ಮಧ್ಯಾಹ್ನದ ವಾಸನೆ ಮಾತ್ರ ಸಿಗಲ್ಲ. ಭಾಗಗಳ ಲೆಕ್ಕ ತಪ್ಪು ಅಂತಲ್ಲ, ಅಷ್ಟಕ್ಕೇ ಕೈ ತೊಳೆದುಕೊಳ್ಳೋದು ಆತುರ ಅಂತ ನನ್ನ ಮಾತು.

ಹೋದ ವರ್ಷ ಸೂಪರ್ ಮಾರ್ಕೆಟ್ ಹತ್ತಿರ ಸರ್ ಸಿಕ್ಕರು. ಒಂದು ಬಾಜಿಯ ಕಥೆ ಹೇಳಿದೆ. ಮಿದುಳು ವಿಜ್ಞಾನಿ ಕ್ರಿಸ್ಟೋಫ್ ಕೋಖ್ 1998ರಲ್ಲಿ ದಾರ್ಶನಿಕ ಡೇವಿಡ್ ಚಾಮರ್ಸ್ ಜೊತೆ ಬಾಜಿ ಕಟ್ಟಿದ್ದರು, ಅರಿವಿನ ಗುರುತು ಮಿದುಳಿನಲ್ಲಿ 25 ವರ್ಷದೊಳಗೆ ಸ್ಪಷ್ಟವಾಗಿ ಸಿಗುತ್ತೆ ಅಂತ. 2023ರಲ್ಲಿ ಸೋಲು ಒಪ್ಪಿ ವೈನ್ ಕೊಟ್ಟರು.

ಸರ್ ಜೋರಾಗಿ ನಕ್ಕರು. "ಅವರು 25 ವರ್ಷ ಕೇಳಿದ್ರು, ನಾ ಹುಚ್ಚ, ನಾಳಿ ಅಂದಿದ್ದೆ. ಬಾ, ನಿನಗ ಒಂದು ಚಾ ಬಾಕಿ ಅದ" ಅಂದು ಹೋಟೆಲಿನ ಒಳಗೆ ನಡೆದೇಬಿಟ್ಟರು.